ಒಂದೇ ಗುಂಡಿನ ಸದ್ದು

ಪೊನ್ನಂಪೇಟೆಯ ಪ್ರಾಥಮಿಕ ಶಾಲೆಯ ಚೋಂದವ್ವ ಟೀಚರಿಗೆ ಇಂಟರ್‌ಮೀಡಿಯೆಟ್ ಪಾಸು ಮಾಡುವ ಹಟ ಹತ್ತಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಆಗಿನ್ನೂ ಬ್ರಿಟಿಷರ ಕಾಲ. ಕೊಡಗಿನಲ್ಲಿ ಕಾಲೇಜಿರಲಿಲ್ಲ, ಗಂಡುಮಕ್ಕಳು ಮಂಗಳೂರಿಗೋ ಮೈಸೂರಿಗೋ ಹೋಗುತ್ತಿದ್ದರು. ಅವಳು ಮನೆಯಲ್ಲೇ ಓದಿ ಪರೀಕ್ಷೆಗೆ ಕೂರಬೇಕು, ಅರ್ಜಿಗೆ ಹಿರಿಯ ಮೇಷ್ಟರೊಬ್ಬರ ರುಜು ಬೇಕು. ಉಳಿದ ವಿಷಯಗಳು ಹೇಗೋ ನಡೆದವು. ಇಂಗ್ಲಿಷ್ ಸಾಹಿತ್ಯ ಮಾತ್ರ ಕಬ್ಬಿಣದ ಕಡಲೆ.

ಗೋಣಿಕೊಪ್ಪಲಿನಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಶಾಂತಪ್ಪನವರಿದ್ದರು. ಶನಿವಾರಸಂತೆ ಕಡೆಯವರು, ಹೆಸರಿನಲ್ಲಷ್ಟೇ ಶಾಂತಿ. ಆದರೂ ಎರಡು ವರ್ಷ ಪ್ರತಿ ಭಾನುವಾರ ಪಾಠ ಹೇಳಿದರು. ಅವರ ಹೆಂಡತಿ ಸರ್ವಮಂಗಳ ಒಂದು ದಿನವೂ ಅವಳನ್ನು ಊಟ ಹಾಕದೆ ಕಳಿಸಲಿಲ್ಲ. ಇಂಥ ಮನೆ ಸಿಗಲು ಪುಣ್ಯ ಮಾಡಿರಬೇಕು.

ಅರ್ಜಿ ಕಳಿಸಲು ಎರಡೇ ದಿನ ಉಳಿದಿದ್ದಾಗ ಮೇಷ್ಟರು ಅವಳು ಓದಿರದ ಕಥೆಯೊಂದನ್ನು ಕೊಟ್ಟರು. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಅವರೇ ಪಾಠ ಮಾಡಿದ ಕಥೆ. ಸರಿಯಾಗಿ ಬರೆದರೆ ರುಜು, ಇಲ್ಲದಿದ್ದರೆ ಮುಂದಿನ ವರ್ಷ.

ಸೈನ್ಯದಿಂದ ಓಡಿಬಂದ ಮಗನನ್ನು ಸಿಪಾಯಿಗಳು ಹಿಡಿದೊಯ್ದಿದ್ದಾರೆ. ಒಳಗೆ ತುಂಬು ಬಸುರಿ ಸೊಸೆ, ಹೊರಗೆ ಮುದುಕ ತಂದೆ. ಗುಡ್ಡದಾಚೆ ಒಂದು ಗುಂಡು ಹಾರುತ್ತದೆ. ಮುದುಕ ಟೋಪಿ ತೆಗೆದು ನಿಲ್ಲುತ್ತಾನೆ. ಕಥೆ ಅಲ್ಲಿಗೇ ನಿಂತಿತ್ತು. ಆ ಸದ್ದಿನಿಂದ ಮುದುಕನಿಗೆ ತಿಳಿದದ್ದೇನು ಎಂಬುದು ಪ್ರಶ್ನೆ.

ಮೊಮ್ಮಗ ಹುಟ್ಟಿದ, ಅದಕ್ಕೇ ದೇವರಿಗೆ ಕೈಮುಗಿದು ನಿಂತ ಎಂದು ಚೋಂದವ್ವ ಎರಡು ಪುಟ ಬರೆದಳು.

"ಏನಮ್ಮ ಇದು! ಮಗನ್ನ ಕೊಂದರೆ ಮೊಮ್ಮಗ ಹುಟ್ಟಿದ ಅಂತೀಯಲ್ಲ!"

"ನಮ್ಮ ಕೊಡವರಲ್ಲಿ ಒಂದು ಗುಂಡು ಹೊಡೆದ್ರೆ ಗಂಡು ಮಗು ಸಾರ್, ಎರಡು ಹೊಡೆದ್ರೆ ಸಾವು," ಎಂದಳು ಅವಳು. "ಇಲ್ಲಿ ಒಂದೇ ಅಲ್ವಾ?"

ಈ ರೂಢಿ ಕೊಡವರಲ್ಲದ ಮೇಷ್ಟರಿಗೂ ಗೊತ್ತಿತ್ತು. ಆದರೆ ಕಥೆಯ ಜೊತೆ ಅದನ್ನು ಅವರು ಎಂದೂ ಸೇರಿಸಿ ನೋಡಿರಲಿಲ್ಲ. ರುಜು ಹಾಕದೆಯೇ ಒಳಗೆ ಎದ್ದುಹೋದರು. ಒಂದು ವರ್ಷ ಹೋಯಿತೆಂದು ಅವಳು ದಾರಿಯುದ್ದಕ್ಕೂ ಅಳುತ್ತಾ ಮನೆ ಸೇರಿದಳು.

ಮಾರನೆಯ ದಿನ ಶಾಲೆಯ ಬಾಗಿಲಲ್ಲಿ ಶಾಂತಪ್ಪನವರು ನಿಂತಿದ್ದರು. ಮಂಡಿನೋವಿನ ಮನುಷ್ಯ, ಗೋಣಿಕೊಪ್ಪಲಿನಿಂದ ನಡೆದೇ ಬಂದಿದ್ದರು. ಕೈಯಲ್ಲಿ ರುಜು ಹಾಕಿದ ಅರ್ಜಿ.

"ಸಾವು ಅಂತ ಗೊತ್ತಾದ ಮೇಲೆ ಇನ್ನೊಂದ್ಸಲ ಓದಿದ್ಯಾ?"

"ಓದಿದೆ ಸಾರ್. ಆ ಸೊಸೆಗೆ ಯಾರು ಹೇಳ್ತಾರೆ ಅಂತ ಅಳು ಬಂತು."

"ಅದನ್ನೇ ಬರಿಯಮ್ಮ ಪರೀಕ್ಷೇಲಿ," ಎಂದು ಕನ್ನಡಕ ಒರೆಸಿಕೊಂಡು ಹೊರಟರು.

ಆ ವರ್ಷವೇ ಅವಳು ಪಾಸಾದಳು. ಹೈಸ್ಕೂಲಿನ ಕೆಳಗಿನ ತರಗತಿಗಳಿಗೆ ಇಂಗ್ಲಿಷ್ ಹೇಳುವ ಕೆಲಸವೂ ಸಿಕ್ಕಿತು. ಸೇರುವ ಮುನ್ನಾದಿನ ಹೋಗಿ ಮೇಷ್ಟರ ಕಾಲಿಗೆ ಬಿದ್ದಳು. ಈ ಋಣ ಹೇಗೆ ತೀರಿಸಲಿ ಎಂದು ಕೇಳಿದಳು.

"ಇಪ್ಪತ್ತು ವರ್ಷ ಎಷ್ಟೊಂದು ಕೊಡವರ ಮಕ್ಕಳು ನನ್ನ ಮುಂದೆ ಆ ಕಥೆ ಓದಿದ್ರು," ಎಂದರು ಅವರು. "ಅವರಿಗೂ ನಿನ್ನ ಹಾಗೇ ಅನ್ನಿಸಿರಬೇಕು. ನನಗೆ ಹೆದರಿ ನಾನು ಹೇಳಿದ್ದನ್ನೇ ಬರೆದ್ರು. ನಾನು ಒಬ್ಬರನ್ನೂ ಕೇಳಲಿಲ್ಲ ಕಣಮ್ಮ. ನೀನು ಕೇಳು."