ಮನೆತನದ ಗದ್ದ

ನನ್ನ ಮಗಳು ಸಹನಾಗೆ ಆಗ ಏಳು ವರ್ಷ. ಹಾಲುಹಲ್ಲು ಬಿದ್ದು ಮುಂದಿನ ಹೊಸ ಹಲ್ಲು ಬಂದಿದ್ದವು. ಪೇರಲಹಣ್ಣು ಕೊಟ್ಟರೆ ಮುಂದಿನ ಹಲ್ಲಿನಿಂದ ಕಚ್ಚುತ್ತಿರಲಿಲ್ಲ. ತಲೆ ವಾರೆ ಮಾಡಿ ದವಡೆ ಹಲ್ಲಿಗೆ ಕೊಡುತ್ತಿದ್ದಳು. ಒಂದು ಸಂಜೆ ಅವಳ ಗಲ್ಲ ಹಿಡಿದು, "ಹಲ್ಲು ಕಚ್ಚು, ನೋಡೂನು" ಎಂದೆ.

ಕೆಳಗಿನ ಹಲ್ಲುಗಳು ಮೇಲಿನವನ್ನು ಮುಚ್ಚಿಕೊಂಡು ಮುಂದೆ ಬಂದು ನಿಂತವು.

ನಾನು ಇಳಕಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ದಿನವಿಡೀ ಆ ವಯಸ್ಸಿನ ಮಕ್ಕಳ ಬಾಯಿ ನೋಡುವವಳು. ಇದು ಸರಿಯಿಲ್ಲ ಎಂದು ತಿಳಿಯಲು ನನಗೆ ಎಕ್ಸ್‌ರೇ ಬೇಕಿರಲಿಲ್ಲ. ಮನೆಯಲ್ಲಿ ಹೇಳಿದೆ. ಅತ್ತೆ ನಕ್ಕರು.

"ಅದು ನಮ್ಮ ಮನಿತನದ ಗದ್ದ ಐತೆವ್ವಾ. ನನ್ನ ಮಗಗೂ ಹಂಗ ಐತಿ. ಅಂವಾ ಏನ್ ಉಪಾಸ ಬಿದ್ದಾನೇನು?"

ಹೌದು, ನನ್ನ ಯಜಮಾನರ ಗದ್ದವೂ ಮುಂದೆ ಬಂದಿದೆ. ಮದುವೆಯಾದಾಗಿನಿಂದ ಅವರನ್ನು ಗಡ್ಡವಿಲ್ಲದೆ ನಾನು ನೋಡಿಲ್ಲ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಹುಡುಗಿ ಬಾಯಾಗ ಈಗ್ಲೇ ತಂತಿ ಹಾಕಸ್ತೀಯೇನು? ಎಲ್ಲಾ ಹಲ್ಲು ಬರ್ಲಿ, ಆಮ್ಯಾಲೆ ನೋಡೂನು" ಎಂದರು.

ಊರಿನ ಹಲ್ಲಿನ ಡಾಕ್ಟರ ಬಳಿ ಅವಳನ್ನು ನಾನೊಬ್ಬಳೇ ಕರೆದುಕೊಂಡು ಹೋದೆ. ಅವರೂ ಬಾಯಿಗೆ ಟಾರ್ಚ್ ಬಿಟ್ಟು ಅದನ್ನೇ ಅಂದರು: "ಹನ್ನೆರಡು ಹದಿಮೂರಕ್ಕ ಬರ್ರಿ. ಕ್ಲಿಪ್ ಹಾಕೂನು." ಮನೆಗೆ ಬಂದಾಗ ಅತ್ತೆ ಏನೂ ಕೇಳಲಿಲ್ಲ. ನನ್ನ ಮುಖ ನೋಡಿಯೇ ಗೆದ್ದರು.

ಮುಂದಿನ ವರ್ಷ ಮತ್ತೆ ಮಾತೆತ್ತಿದೆ. ಅದರ ಮುಂದಿನ ವರ್ಷವೂ. ಪ್ರತಿಸಲವೂ "ಎಲ್ಲಾ ಹಲ್ಲು ಬರ್ಲಿ". ಅಷ್ಟರಲ್ಲಿ ಸಹನಾ ಫೋಟೊ ತೆಗೆಯುವಾಗ ಬಾಯಿಗೆ ಕೈ ಅಡ್ಡ ಹಿಡಿಯಲು ಕಲಿತಿದ್ದಳು. ಕನ್ನಡಿಯ ಮುಂದೆ ನಿಂತು ಕೆಳದವಡೆಯನ್ನು ಬೆರಳಿನಿಂದ ಹಿಂದಕ್ಕೆ ಒತ್ತುತ್ತಿದ್ದಳು. ಅದನ್ನು ನೋಡಿದ ದಿನ ನಾನು ಮನೆಯಲ್ಲಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಶಾಲೆಗೆ ರಜೆ ಹಾಕಿದೆ. ಸಹನಾಳನ್ನು ಕರೆದುಕೊಂಡು ಬಸ್ ನಿಲ್ದಾಣದಲ್ಲಿ ನಿಂತಾಗ ಯಜಮಾನರು ಬೈಕ್ ನಿಲ್ಲಿಸಿ ಬಂದು ನಮ್ಮ ಹಿಂದೆ ಬಸ್ ಹತ್ತಿದರು. ಹುನಗುಂದ ದಾಟಿ ಬಾಗಲಕೋಟೆ ಮುಟ್ಟುವವರೆಗೂ ಕಿಟಕಿಯಾಚೆ ನೋಡುತ್ತಲೇ ಕೂತಿದ್ದರು.

ಅಲ್ಲಿನ ಆರ್ಥೊಡಾಂಟಿಸ್ಟ್, ಹಲ್ಲು ದವಡೆಯ ಸಾಲು ಸರಿಪಡಿಸುವ ಡಾಕ್ಟರು, ನನಗಿಂತ ಚಿಕ್ಕವರು. "ಹಿಂದಿನ ಹಲ್ಲು ಕಚ್ಚವಾ. ಈಗ ತುಟಿ ಎತ್ತು" ಎಂದು ಸಹನಾಗೆ ಹೇಳಿ ಬಹಳ ಹೊತ್ತು ನೋಡಿದರು. ಎಕ್ಸ್‌ರೇ ಬಂತು. ಕೆಳದವಡೆ ಮುಂದೆ ಬಂದಿರುವುದಕ್ಕಿಂತ ಮೇಲಿನ ದವಡೆಯ ಬೆಳವಣಿಗೆ ಹಿಂದೆ ಉಳಿದಿದೆ ಎಂದು ತೋರಿಸಿದರು. ಆಮೇಲೆ ಕೇಳಿದರು: "ಎಷ್ಟು ವರ್ಷ ಈಕಿಗೆ?"

"ಹತ್ತು ಮುಗೀತ್ರಿ."

ಅವರು ಎಕ್ಸ್‌ರೇ ಕೆಳಗಿಟ್ಟು ಹೇಳಿದರು. "ಏಳಕ್ಕ, ಎಂಟಕ್ಕ ಬಂದಿದ್ರ ಭಾಳ ಚಲೋ ಇತ್ರಿ. ಆಗ ಎಲುಬು ನಾವು ಹೇಳಿದಂಗ ಕೇಳತೈತಿ."

ಏಳಕ್ಕೆ.

ನಾನು ಯಜಮಾನರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಆ ಕೋಣೆಯಲ್ಲಿ ಏನು ಅನ್ನುತ್ತಿದ್ದೆನೋ. ಡಾಕ್ಟರು, "ಮನ್ಯಾಗ ಯಾರಿಗರ ಹಿಂಗ ಐತೇನ್ರಿ?" ಎಂದರು. ನಾನು ಬೇಕಂತಲೇ ಸುಮ್ಮನೆ ಕೂತೆ.

"ನನಗೈತ್ರಿ," ಯಜಮಾನರು ಅಂದರು. ಗಡ್ಡದ ಮೇಲೆ ಕೈ ಇಟ್ಟುಕೊಂಡಿದ್ದರು. "ಸಾಲ್ಯಾಗ ಗದ್ದಪ್ಪ ಅಂತಿದ್ರು. ಹೆಸರು ಹಿಡದು ಕರೆಯೋರು ಯಾರೂ ಇರ್ಲಿಲ್ಲ."

ಸಹನಾ ಅಪ್ಪನನ್ನು ಹೊಸದಾಗಿ ನೋಡಿದಂತೆ ನೋಡಿದಳು. ನನಗೆ ಕನಿಕರ ಬರಲಿಲ್ಲ. ಸಿಟ್ಟು ಇಮ್ಮಡಿಯಾಯಿತು. ನೋವು ಗೊತ್ತಿಲ್ಲದ ಅತ್ತೆ ನಕ್ಕರೆ ಒಂದು ಮಾತು. ಗೊತ್ತಿದ್ದ ಮನುಷ್ಯನೇ, ತನ್ನ ಮುಖದ ಮಾತು ಬರುತ್ತದೆಂದು, ಮಗಳ ಮುಖದ ಮಾತನ್ನೂ ಮೂರು ವರ್ಷ ತಡೆದು ಹಿಡಿದದ್ದು ಹೇಗೆ?

ಅಂಗುಳಕ್ಕೆ ಒಂದು ಪ್ಲೇಟ್ ಕೂರಿಸಿದರು. ಅದರ ನಡುವೆ ಸಣ್ಣ ಸ್ಕ್ರೂ, ದಿನಾ ಕೀಲಿಯಿಂದ ಇಷ್ಟಿಷ್ಟೇ ತಿರುಗಿಸಬೇಕು. ಆಮೇಲೆ ಫೇಸ್ ಮಾಸ್ಕ್: ಹಣೆಗೊಂದು ಪ್ಯಾಡ್, ಗದ್ದಕ್ಕೊಂದು ಪ್ಯಾಡ್, ಮೂಗಿನ ಮುಂದೆ ಕಂಬಿ, ಅಲ್ಲಿಂದ ಬಾಯೊಳಗಿನ ಪ್ಲೇಟಿಗೆ ಬಿಗಿದ ರಬ್ಬರ್ ಬ್ಯಾಂಡ್. ಶಾಲೆಯಿಂದ ಬಂದ ಕೂಡಲೇ ಹಾಕಿ ಬೆಳಿಗ್ಗೆವರೆಗೂ ಇಡಬೇಕು. ಗದ್ದ ಕೆಂಪಗಾಗಿ ಸುಲಿಯಿತು. ಅನ್ನ ಗಂಜಿಯಾಯಿತು. ಗೆಳತಿಯರು ಮನೆಗೆ ಬಂದರೆ ಸಹನಾ ಹಿತ್ತಲಿಗೆ ಓಡುತ್ತಿದ್ದಳು. ಒಮ್ಮೆ ಮಾಸ್ಕ್ ಕಿತ್ತೆಸೆದು, "ಸಣ್ಣಾಕಿ ಇದ್ದಾಗ ಯಾಕ ಹಾಕಿಸ್ಲಿಲ್ಲಬೇ? ಆಗ ನನಗ ನಾಚಿಕಿ ಗೊತ್ತಿರ್ಲಿಲ್ಲ" ಎಂದು ಅತ್ತಳು.

ಯಜಮಾನರು ಎದ್ದು ಮಾಸ್ಕ್ ತಂದು ಒರೆಸಿ ಅವಳ ಪಕ್ಕ ಇಟ್ಟರು. ಸ್ಕ್ರೂ ತಿರುಗಿಸುವ ಕೆಲಸ ಮೊದಲ ದಿನದಿಂದ ಅವರದೇ. ಅದನ್ನು ನಾನು ಅವರಿಗೆ ಬಿಟ್ಟುಕೊಟ್ಟಿದ್ದೆ. ಕ್ಷಮೆಯಿಂದಲ್ಲ. ದಿನಾ ಆ ಬಾಯೊಳಗೆ ಅವರು ನೋಡಲಿ ಅಂತ.

ವರ್ಷದ ಮೇಲಾಯಿತು. ಮೇಲಿನ ಹಲ್ಲು, ಕೆಳಗಿನ ಹಲ್ಲು ಈಗ ಅಂಚಿಗೆ ಅಂಚು ಕೂಡುತ್ತವೆ. ಅಷ್ಟೇ. "ಇದಕಿಂತ ಮುಂದ ಬರೋದು ಕಷ್ಟರಿ. ಬೆಳವಣಿಗಿ ಮುಗೀಲಿ. ಹದಿನೆಂಟರ ಮ್ಯಾಲೆ ಆಪರೇಷನ್ ಬೇಕಾದ್ರೂ ಬೇಕಾಗಬಹುದು" ಎಂದರು ಡಾಕ್ಟರು. ಸುಳ್ಳು ಭರವಸೆ ಕೊಡಲಿಲ್ಲವೆಂದು ಅವರಿಗೆ ನಾನು ಋಣಿ.

ಹೋದ ತಿಂಗಳು ಬಾದಾಮಿಯಲ್ಲಿ ಮೈದುನನ ಮನೆಯ ವಾಸ್ತುಶಾಂತಿ. ಅವನ ಮಗಳು ಗೌರಿಗೆ ಆರು ತುಂಬಿದೆ. ಊಟವಾದ ಮೇಲೆ ಅತ್ತೆ ಅವಳನ್ನು ಎಳೆದುಕೊಂಡು ನನ್ನ ಮುಂದೆ ಬಂದರು.

"ಇದರ ಕೆಳಗಿನ ಹಲ್ಲು ಯಾಕೋ ಮುಂದ ಬಂದಂಗ ಕಾಣತಾವು ನೋಡವಾ. ನಿಮ್ಮ ಡಾಕ್ಟರಿಗೆ ತೋರಸೂನೇನು?"

ನನ್ನ ಮಗಳದು ಮನೆತನದ ಗದ್ದ. ಈ ಮಗಳದು ರೋಗ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸಹನಾ ಗೌರಿಯ ಮುಂದೆ ಮೊಣಕಾಲೂರಿ ಕೂತಿದ್ದಳು. "ಹಿಂದಿನ ಹಲ್ಲು ಕಚ್ಚು. ಈಗ ತುಟಿ ಎತ್ತು."

ನೋಡಿ, ಎದ್ದು ಅಜ್ಜಿಗೆ ಹೇಳಿದಳು. "ಆಯೀ, ಈ ವಾರದಾಗ ಕರ್ಕೊಂಡು ಹೋಗ್ರಿ. ನನಗ ತಡಾ ಮಾಡಿದ್ರಿ. ಇಕಿಗೆ ಮಾಡಬ್ಯಾಡ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅತ್ತೆ ಸೆರಗಿನಿಂದ ಗೌರಿಯ ಬಾಯಿ ಒರೆಸುತ್ತ ನಿಂತರು. ಒರೆಸುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಗೌರಿಯನ್ನು ಬಾಗಲಕೋಟೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, "ಸರಿಯಾದ ಟೈಮಿಗೆ ತಂದೀರಿ" ಎಂದು ನಕ್ಕರು. ಆ ಮಾತು ಕೇಳಿ ನನಗೆ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು.