ಬೀಜಕ್ಕೆ ಬಿಟ್ಟ ಹೀರೇಕಾಯಿ

ಅಂದು ಸಂಜೆ ಹಿಟ್ಟಿನ ಗಿರಣಿ ಮುಚ್ಚಿ ಮನೆಗೆ ಬಂದಾಗ ಎಂದಿನಂತೆ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದೆ. ಬಚ್ಚಲಲ್ಲಿ ಹೆಂಡತಿ ಗಂಗವ್ವ ಒಣ ಹೀರೇಕಾಯಿಯ ನಾರಿನಿಂದ ನನ್ನ ಬೆನ್ನು ತಿಕ್ಕುತ್ತಾ, "ಈ ಬೆನ್ನ ಮ್ಯಾಲಿನ ಹಿಟ್ಟು ಕೂಡಿಸಿಟ್ರ ದಿನಾ ಒಂದು ರೊಟ್ಟಿ ಆಕ್ಕೈತಿ ನೋಡ್ರಿ" ಎಂದಳು. ಆಮೇಲೆ, "ಬಳ್ಳಿ ತುದೀಗಿರೋ ದೊಡ್ಡ ಕಾಯಿ ಮುಟ್ಟಬ್ಯಾಡ್ರಿ. ಬೀಜಕ್ಕ ಬಿಟ್ಟೇನಿ" ಎಂದಳು. ಹೂಂ ಎಂದೆ. ಕಿವಿ ತುಂಬ ನೀರಿತ್ತು. ಮರುದಿನ ಬೆಳಿಗ್ಗೆ ಎದೆ ನೋವು ಎಂದವಳು, ನಮ್ಮ ಮಮದಾಪುರದಿಂದ ಗೋಕಾಕ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಳು.

ಅವಳ ಸಂಸಾರದಲ್ಲಿ ಯಾವುದೂ ಸುಮ್ಮನೆ ಹೊರಗೆ ಹೋಗುತ್ತಿರಲಿಲ್ಲ. ನನ್ನ ಧೋತರ ಹರಿದರೆ ರೊಟ್ಟಿ ಬುಟ್ಟಿಯ ಅರಿವೆಯಾಗುತ್ತಿತ್ತು, ಅದೂ ಹರಿದರೆ ಒಲೆಯ ಮೇಲಿನ ಪಾತ್ರೆ ಇಳಿಸುವ ಅರಿವೆ. ಬಚ್ಚಲ ನೀರು ಹಿತ್ತಲ ಹೀರೆ ಬಳ್ಳಿಗೆ, ಕಾಯಿ ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ, ಒಣಗಿದ ನಾರು ನನ್ನ ಬೆನ್ನಿಗೆ. ಬೆನ್ನು ತೊಳೆದ ನೀರು ಮತ್ತೆ ಬಳ್ಳಿಗೆ. ಆ ಸುತ್ತಿನಲ್ಲಿ ನಾನೂ ಒಂದು ನಿಲ್ದಾಣ. ಇದಕ್ಕೆ ಪರಿಸರಸ್ನೇಹಿ ಬದುಕು ಎನ್ನುತ್ತಾರೆಂದು ಮೊನ್ನೆ ಪತ್ರಿಕೆಯಲ್ಲಿ ಓದಿದೆ. ಏಳನೇ ಇಯತ್ತೆ ಓದಿದ ನನಗೆ ಆ ಹೆಸರು ಹೊಸದು. ಅವಳಂತೂ ಇದಕ್ಕೆ ಹೆಸರೇ ಇಟ್ಟಿರಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಮೊದಲ ಸಲ ಅಡುಗೆಗೆ ನಿಂತೆ. ಬಳ್ಳಿಯಲ್ಲಿ ಒಂದೇ ಕಾಯಿ ಉಳಿದಿತ್ತು. ಕೆಡಿಸಿದರೆ ಗಂಗವ್ವನಿಗೆ ಸೇರುವುದಿಲ್ಲ ಎಂದು ಕೊಯ್ದು ಪಲ್ಯ ಮಾಡಿದೆ. ತಿರುಳು, ಸಿಪ್ಪೆಯನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿದೆ. ಎರಡು ತುತ್ತು ಉಂಡಾಗ ಹಲ್ಲಿನ ಸಂದಿಗೆ ನಾರು ಸಿಕ್ಕಿತು. ಆಗ ಅವಳ ಮಾತು ನೆನಪಾಯಿತು. ಹುಕ್ಕೇರಿ ಕಡೆಯ ತವರಿನಿಂದ ತಂದು ವರ್ಷ ವರ್ಷ ಉಳಿಸಿಕೊಂಡು ಬಂದ ಬೀಜವನ್ನು, ಅರ್ಧ ನಾನು, ಅರ್ಧ ಎಮ್ಮೆ ತಿಂದು ಮುಗಿಸಿದ್ದೆವು.

ಮನೆಯಲ್ಲಿದ್ದ ಕೊನೆಯ ನಾರೂ ಸವೆದಾಗ ಗೋಕಾಕ ಬಜಾರದಿಂದ ಹಸಿರು ಪ್ಲಾಸ್ಟಿಕ್ಕಿನದೊಂದು ತಂದೆ. ಹದಿನೈದು ದಿನಕ್ಕೆ ಅದರ ಎಳೆ ಉದುರತೊಡಗಿತು. ಕೋಳಿಗಳು ಹುಳವೆಂದು ಕುಕ್ಕಿ ನೋಡಿ, ನನ್ನ ಮುಖವನ್ನೂ ನೋಡಿದವು. ನೋಡಿಯೇ ಬಿಡೋಣ ಎಂದು ಅದನ್ನೂ ಸವೆದ ಹೀರೆಯ ನಾರನ್ನೂ ಬಳ್ಳಿಯಿದ್ದ ಜಾಗದಲ್ಲಿ ಹುಗಿದೆ. ಬೇಸಿಗೆ ಮುಗಿದ ಮೇಲೆ ಅಗೆದರೆ ಪ್ಲಾಸ್ಟಿಕ್ಕು ನಿನ್ನೆ ತಂದಂತಿತ್ತು. ಹೀರೆಯ ನಾರು ಎಷ್ಟು ಹುಡುಕಿದರೂ ಇಲ್ಲ. ಮಣ್ಣು ಮಾತ್ರ ಕೈಗೆ ಮೆತ್ತಗೆ ಹತ್ತಿತು.

ಕೈ ತೊಳೆದವನೇ ಮಸಗುಪ್ಪಿಗೆ ಹೋದೆ. ಅಲ್ಲಿ ಗಂಗವ್ವನ ತಂಗಿ ಶಾಂತವ್ವ ಇದ್ದಾಳೆ. ಅಕ್ಕನಿಂದ ಬೀಜ ಒಯ್ದಿದ್ದಳೆಂಬ ಅಂದಾಜು. ಸಂಗತಿ ಕೇಳಿ ಬಾಗಿಲಲ್ಲೇ ನಿಂತುಬಿಟ್ಟಳು.

"ಬೀಜದ ಕಾಯಿ ಪಲ್ಯಾ ಮಾಡಿದ್ರಿ? ಅಕ್ಕ ಇದ್ದಿದ್ರ ನಿಮ್ಮನ್ನ ಗಿರಣ್ಯಾಗ ಹಾಕಿ ಬೀಸತಿದ್ಲು ನೋಡ್ರಿ ಮಾಮಾ!"

"ರುಚೀನೂ ಇರಲಿಲ್ಲವ್ವಾ" ಎಂದೆ.

ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಬೂದಿಯಲ್ಲಿ ಹೊರಳಿಸಿದ ಬೀಜದ ಗಂಟು ತಂದು, "ಖರೇ ಅಕ್ಕಾನ ಬೀಜಾನ ಇವು. ಅರ್ಧಾ ವಾಪಸ್ ಬರಬೇಕ ಮತ್ತ" ಎಂದಳು.

ಈ ಸಲ ತುದಿಯ ಕಾಯಿ ಮುಟ್ಟಲಿಲ್ಲ. ಬಳ್ಳಿಯಲ್ಲೇ ಒಣಗಿ ಗಲಗಲ ಎನ್ನತೊಡಗಿದಾಗ ಕಿತ್ತು ಅಲುಗಾಡಿಸಿದೆ. ಅದರ ಕೆಳತುದಿಯಲ್ಲಿ ಒಂದು ಪುಟ್ಟ ಮುಚ್ಚಳವಿದೆ, ನೋಡಿದ್ದೀರಾ? ಕಳಚಿ ಬಿತ್ತು. ಒಳಗಿಂದ ಕರೀ ಬೀಜಗಳು, ನನ್ನ ಗಿರಣಿಯ ಡಬ್ಬಿಯಿಂದ ಕಾಳು ಇಳಿದ ಹಾಗೆ, ಸರಸರ ಇಳಿದವು. ಇಷ್ಟು ವರ್ಷ ಗಿರಣಿ ನಡೆಸಿದವನು ಹಿತ್ತಲಲ್ಲೇ ಇದ್ದ ಈ ಯಂತ್ರವನ್ನು ನೋಡಿರಲಿಲ್ಲ. ಶಾಂತವ್ವನ ಅರ್ಧ ಬೇರೆ ಕಟ್ಟಿಟ್ಟೆ.

ನಾರು ಚೆನ್ನಾಗಿ ಬಂದಿದೆ. ಸಂಜೆ ಅದರಿಂದಲೇ ಮೈ ತಿಕ್ಕಿಕೊಳ್ಳುತ್ತೇನೆ. ನೀರು ಬಳ್ಳಿಗೆ ಹೋಗುತ್ತದೆ. ಬೆನ್ನಿನ ನಡುವೆ ಅಂಗೈಯಷ್ಟು ಜಾಗಕ್ಕೆ ನನ್ನ ಕೈ ಮುಟ್ಟುವುದಿಲ್ಲ. ಅಲ್ಲಿ ಹಿಟ್ಟು ಹಾಗೇ ಇರುತ್ತದೆ.