ಎತ್ತುವ ಹೊತ್ತು ಹೇಳುತ್ತಿದ್ದ ತಿಮ್ಮಪ್ಪ

ತಿಮ್ಮಪ್ಪ ಸಾವಿನ ಮನೆಗೆ ಬಂದರೆ ಮೊದಲು ನೋಡುತ್ತಿದ್ದುದು ಹೆಣವನ್ನಲ್ಲ, ಹೊತ್ತನ್ನು. ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡುವುದು. ಆಮೇಲೆ ಒಂದೇ ಮಾತು: "ಇನ್ಯಾರು ಬರ್ಬೇಕು? ಎಲ್ಲಿಂದ?"

ಶೆಟ್ಟಿಕೊಪ್ಪದಲ್ಲಿ ಚಟ್ಟ ಕಟ್ಟುವವನು ಅವನೇ, ಎತ್ತುವ ಹೊತ್ತು ಹೇಳುವವನೂ ಅವನೇ. ಯಾರೂ ನೇಮಿಸಿದ್ದಲ್ಲ. ಉಳಿದವರು ಅಳುತ್ತಿದ್ದರು, ಅವನಿಗೆ ಅಳು ಬರುತ್ತಿರಲಿಲ್ಲ, ಅಷ್ಟೆ. ಶಿವಮೊಗ್ಗದ ಬಸ್ಸು ಎಲ್ಲಿ ತಡವಾಗುತ್ತದೆ, ಯಾವ ಊರಿನ ನೆಂಟರು ನಿಧಾನ, ಎಲ್ಲ ಅವನಿಗೆ ಗೊತ್ತು. "ಮುತ್ತಿನಕೊಪ್ಪದೋರು ತಲೆ ಬಾಚ್ಕಂಡೇ ಬರೂದು ಮಾರಾಯ, ಸ್ವಲ್ಪ ಕಾಯಿ" ಎಂದು ಹೆಣದ ಪಕ್ಕದಲ್ಲೇ ನಗಿಸುತ್ತಿದ್ದ. ಅವನ ಲೆಕ್ಕ ತಪ್ಪಿದ್ದು ನಾನು ಕಂಡಂತೆ ಒಂದೇ ಸಲ. ನನ್ನ ಗಂಡ ಸತ್ತಾಗ.

ಮಗಳು ಜಲಜ ಮುಂಬೈಯಲ್ಲಿ ನರ್ಸು. ಬೆಳಿಗ್ಗೆ ಫೋನಿನಲ್ಲಿ, "ಅಪ್ಪನ ಮುಖ ನೋಡ್ಬೇಕು, ವಿಮಾನಕ್ಕೆ ಬತ್ತೆ" ಅಂದಳು. ಎಷ್ಟು ಹೊತ್ತು ಬೇಕು ಎಂದು ತಿಮ್ಮಪ್ಪ ನನ್ನಿಂದ ಕೇಳಿಸಿದ. ಮುಂಬೈಯಿಂದ ಮಂಗಳೂರಿಗೆ ಒಂದೂವರೆ ಗಂಟೆ ಎಂದಳು. ಅವನೂ ನಾನೂ ವಿಮಾನ ಕಂಡದ್ದು ತಲೆಯ ಮೇಲೆ ಹಾರುವಾಗ ಮಾತ್ರ. ಕೈ ಅಡ್ಡ ಹಿಡಿದರೆ ನಿಲ್ಲುವ ಬಸ್ಸಿನ ಹಾಗೇ ಅದೂ ಎಂದುಕೊಂಡ. ಫೋನು ಇಟ್ಟ ಗಳಿಗೆಯಿಂದಲೇ ಎಣಿಸಿದ. ವಿಮಾನಕ್ಕೆ ಒಂದೂವರೆ, ಮಂಗಳೂರಿಂದ ಕಾರಿಗೆ ಐದು.

ಮಧ್ಯಾಹ್ನ ತಿರುಗುತ್ತಲೇ, "ಕೂಸು ಶೃಂಗೇರಿ ದಾಟಿರ್ತದೆ ಅತ್ತಿಗೆ. ಸುಡುಗಾಡು ರಸ್ತೆ ಬದೀಗೇ ಅಲ್ವಾ, ಸೀದಾ ಅಲ್ಲಿಗೇ ಬರ್ಲಿ. ಎತ್ತುವ" ಅಂದ. ಎತ್ತಿದರು.

ಎತ್ತಿದ ಚಟ್ಟ ಮನೆಗೆ ವಾಪಸು ಬರುವಂತಿಲ್ಲ, ಕತ್ತಲಾದ ಮೇಲೆ ಬೆಂಕಿ ಇಡುವಂತಿಲ್ಲ. ನಮ್ಮಲ್ಲಿ ಹಾಗೆ. ಅವರು ಅತ್ತ ಹೋದರು, ಇತ್ತ ಫೋನು ಬಂತು.

"ಅಮ್ಮಾ, ಮಂಗಳೂರಲ್ಲಿ ಈಗ ಇಳಿದೆ. ವಿಮಾನ ಇದ್ದದ್ದೇ ಮಧ್ಯಾಹ್ನಕ್ಕೆ. ಅಪ್ಪನ್ನ ಇಟ್ಕಂಡಿರಿ."

"ಎತ್ತಿ ಆಯ್ತು" ಅಂದೆ.

ಸುಡುಗಾಡಿಗೆ ಸುದ್ದಿ ಕಳಿಸಿದೆ. ಮೊದಲೇ ಗೊತ್ತಿದ್ದರೆ ಕೊಪ್ಪದಿಂದ ಐಸು ತರಿಸಿ ಬೆಳಗಿನ ತನಕ ಇಡಬಹುದಿತ್ತು. ಬೇರೆಯವರ ಮನೆಯಲ್ಲಿ ಹಾಗೆ ಇಡಿಸಿದವನೇ ತಿಮ್ಮಪ್ಪ. ಹೊತ್ತು ಮರದ ತುದಿಗೆ ಇಳಿಯುವ ತನಕ ಬೆಂಕಿ ಇಡಗೊಡಲಿಲ್ಲವಂತೆ. ಕೊನೆಗೆ ನನ್ನ ಮಗನಿಗೆ, "ಇಡು ಮಾರಾಯ" ಎಂದನಂತೆ.

ಜಲಜ ಬಂದಾಗ ಕೆಂಡವಿತ್ತು. ಕಾಯುತ್ತ ನಿಂತಿದ್ದವನು ತಿಮ್ಮಪ್ಪನೊಬ್ಬನೇ.

"ಎತ್ತಿ ಅಂದದ್ದು ಯಾರು?"

"ನಾನೇ ಕೂಸೇ. ನೀ ಫೋನು ಇಟ್ಟ ಗಳಿಗೆಯಿಂದ್ಲೇ ಎಣಿಸ್ದೆ."

"ವಿಮಾನ ಕೈ ಅಡ್ಡ ಹಿಡಿದ್ರೆ ನಿಲ್ಲೂದಲ್ಲ ಮಾವ."

ಮತ್ತೆ ಅವಳು ಅವನೊಂದಿಗೆ ಮಾತಾಡಲಿಲ್ಲ. ಅವನೂ ಆಮೇಲೆ ಚಟ್ಟ ಕಟ್ಟಿದ, ಹೊತ್ತು ಹೇಳಲಿಲ್ಲ. "ನನ್ನ ಕೇಳ್ಬೇಡಿ ಮಾರಾಯ್ರೆ" ಎಂದು ಬೆನ್ನು ತಿರುಗಿಸಿ ಹಗ್ಗ ಬಿಗಿಯುತ್ತಿದ್ದ.

ಅವನು ಸತ್ತಾಗ ಜಲಜ ರಜೆಗೆ ಬಂದಿದ್ದಳು. ನನಗಿಂತ ಮೊದಲೇ ಹೋಗಿ ಅವನ ತಲೆಯ ಹತ್ತಿರ ಕೂತಳು. ಅಪ್ಪನ ಮುಖ ಸಿಗದವಳಿಗೆ ಇವನ ಮುಖ ಬೇಕಾದಷ್ಟು ಹೊತ್ತು ಸಿಕ್ಕಿತು. ಚಟ್ಟ ಕಟ್ಟಿ ಆಗಿತ್ತು. ಎತ್ತಿ ಅನ್ನುತ್ತಿದ್ದವನೇ ಮಲಗಿದ್ದ. ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹೊತ್ತು ಇಳಿಯುತ್ತಿತ್ತು.

ಜಲಜ ಎದ್ದು ಅಂಗಳಕ್ಕೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಇನ್ಯಾರು ಬರ್ಬೇಕು?"

ಗಂಡಸರು ಯಾರೂ ಇಲ್ಲವೆಂದು ತಲೆಯಾಡಿಸಿದರು.

"ಹಂಗಾದ್ರೆ ಎತ್ತಿ."